ಕೂರೋಕಾಗಲ್ಲ ಅಂದ್ರೆ ಓದೋಕಾಗಲ್ಲ ಅಂತಲ್ಲ

ನಾವು ಸಿಇಟಿ ಬರೆದು ಎರಡು ವರ್ಷ ಆಗ್ತಾ ಬಂತು. ಈಗಲೂ ನಾವು ನಾಲ್ಕು ಜನ ಕ್ಯಾಂಟೀನ್‌ನಲ್ಲಿ ಸೇರಿದ್ರೆ ಆ ಓಎಂಆರ್ ಕಥೆ ಬಂದೇ ಬರುತ್ತೆ. ಸೆಕೆಂಡ್ ಪಿಯುನಲ್ಲಿ ಒಂದು ಮಾಕ್ ಟೆಸ್ಟ್. ನಮ್ಮಲ್ಲೊಬ್ಬ ಫಿಸಿಕ್ಸ್‌ನಲ್ಲಿ 23ನೇ ಪ್ರಶ್ನೆ ಬಿಟ್ಟು ಮುಂದೆ ಹೋದ. ಶೀಟ್‌ನಲ್ಲಿ ಮಾತ್ರ 23ನ್ನು ಬಿಡಲಿಲ್ಲ. ಅಲ್ಲಿಂದ ಕೊನೆವರೆಗೆ ಎಲ್ಲ ಉತ್ತರವೂ ಒಂದೊಂದು ಮನೆ ಮೇಲೆ. 60ಕ್ಕೆ 26 ಬಂತು. ಕೋಚಿಂಗ್‌ನವರು ರ‍್ಯಾಂಕ್ ಪಟ್ಟಿ ಗೋಡೆಗೆ ಅಂಟಿಸಿದ್ರು, ಸರ್ ಕರೆದು "ಮೊದಲು ಮೊಬೈಲ್ ಬಿಡು" ಅಂದ್ರು. ಅವನ ಹತ್ತಿರ ಆಗ ಮೊಬೈಲೇ ಇರಲಿಲ್ಲ.

ಅವನಿಗೆ ಎಡಿಎಚ್‌ಡಿ ಇದೆ. ಡಾಕ್ಟರು ಆಗಲೇ ಹೇಳಿದ್ರು, ಮನೆಯವರು ಮಾತ್ರ ಯಾರಿಗೂ ಹೇಳಬೇಡ ಅಂದಿದ್ರು. (ಈಗ ಅವನೇ "ಬರೀರಿ, ಹೆಸರು ಹಾಕಬೇಡಿ" ಅಂದಿದ್ದಾನೆ.) ನಮ್ಮಲ್ಲಿ ಇನ್ನೊಬ್ಬಳಿಗೆ ಇಂಜಿನಿಯರಿಂಗ್ ಸೇರಿದ ಮೇಲಷ್ಟೇ ಗೊತ್ತಾಯ್ತು. ಅವಳು ಗಲಾಟೆ ಮಾಡಿದವಳೇ ಅಲ್ಲ. ಕಿಟಕಿ ಪಕ್ಕ ಕೂತು ಸುಮ್ಮನೆ ಎಲ್ಲೋ ಹೋಗಿಬಿಡ್ತಿದ್ಲು. ಅದಕ್ಕೇ ಯಾರೂ ಗಮನಿಸಲಿಲ್ಲ.

ಇದು ಸೋಮಾರಿತನ ಅಲ್ಲ, ಮಿದುಳು ಕೆಲಸ ಮಾಡುವ ರೀತಿಯೇ ಬೇರೆ. ಹಿಡಿಸಿದ ವಿಷಯಕ್ಕೆ ಮೂರು ಗಂಟೆ ಕೂರ್ತಾರೆ, ಹಿಡಿಸದ್ದಕ್ಕೆ ಪುಸ್ತಕ ತೆಗೆಯೋದೇ ಒಂದು ಯುದ್ಧ. "ಗೇಮ್‌ಗೆ ಬರೋ ಗಮನ ಕೆಮಿಸ್ಟ್ರಿಗೆ ಯಾಕೆ ಬರಲ್ಲ?" ಅಂತ ಎಲ್ಲ ಮನೆಯಲ್ಲೂ ಕೇಳೋದು ಇದನ್ನು ನೋಡಿಯೇ.

ಆ ಪಟ್ಟಿ ಅಂಟಿಸಿದ ವಾರ ಅವನು ಕೋಚಿಂಗ್ ಬಿಟ್ಟ. ನಾವು ಮೂರು ಜನ ಸಂಜೆಯ ಸ್ಟಡಿ ಅವರ್ ಬಿಟ್ಟು ಅವನ ಮನೆ ಮಹಡಿಗೆ ಹೋಗೋಕೆ ಶುರು ಮಾಡಿದ್ವಿ. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅಂದ್ರೆ 15 ಪ್ರಶ್ನೆಗೆ 20 ನಿಮಿಷ. ಅಷ್ಟನ್ನೇ ಒಂದು ತುಂಡು ಮಾಡಿಕೊಂಡ್ವಿ. ಪ್ರತಿ ಐದು ಪ್ರಶ್ನೆಗೊಮ್ಮೆ ಶೀಟ್‌ನ ನಂಬರ್ ಮೇಲೆ ಬೆರಳಿಟ್ಟು ನೋಡೋದು. ಒಂದು ತುಂಡು ಮುಗಿದ ಮೇಲೆ ಟೆರೇಸ್ ಮೇಲೆ ಐದು ನಿಮಿಷ ನಡಿಗೆ. ಅವನಂತೂ ಥರ್ಮೋಡೈನಮಿಕ್ಸ್ ಪೂರ್ತಿ ನಡೀತಾ ನಡೀತಾ ನಮಗೇ ಪಾಠ ಮಾಡಿದ. ಕಾಫಿ ತಂದ ಅವನ ಅಜ್ಜಿ "ನಡ್ಕೊಂಡು ಓದಿದ್ರೆ ವಿದ್ಯೆ ಓಡಿ ಹೋಗುತ್ತಾ, ಓದ್ಲಿ ಬಿಡ್ರೋ" ಅಂದಿದ್ರು. ಇಡೀ ವರ್ಷದಲ್ಲಿ ಸರಿಯಾಗಿ ಅರ್ಥ ಮಾಡಿಕೊಂಡವರು ಅವರೊಬ್ಬರೇ ಇರಬೇಕು.

120 ಜನರ ಸೆಕ್ಷನ್‌ನಲ್ಲಿ ಐದು ನಿಮಿಷ ಮನಸ್ಸು ಹೋದ್ರೆ ಆ ಪಾಠವೇ ಹೋಯ್ತು. ನಾಲ್ಕು ಜನ ಇದ್ರೆ "ಮಗಾ, ಎಲ್ಲಿದ್ದೀಯ?" ಅಂದ್ರೆ ಸಾಕು, ವಾಪಸ್ ಬರ್ತಾನೆ. ಪಕ್ಕದಲ್ಲಿ ಇನ್ನೊಬ್ಬರು ಓದ್ತಾ ಕೂತಿದ್ರೇ ಶುರು ಮಾಡೋದು ಸುಲಭ ಅಂತ ಇಬ್ಬರೂ ಹೇಳ್ತಾರೆ. ಹಾಗಂತ ಎಲ್ಲ ಚೆನ್ನಾಗೇ ಇತ್ತು ಅಂತಲ್ಲ. ಮೊದಲ ಎರಡು ವಾರ ಓದಿದ್ದಕ್ಕಿಂತ ಕ್ರಿಕೆಟ್ ಮಾತಾಡಿದ್ದೇ ಜಾಸ್ತಿ, ಒಂದ್ಸಲ ಜಗಳವೂ ಆಯ್ತು. ಪರೀಕ್ಷಾ ಹಾಲ್‌ನಲ್ಲಿ ನಡೆದಾಡೋಕೆ ಯಾರೂ ಬಿಡಲ್ಲ, ಹಾಗಾಗಿ ಕೊನೆಯ ತಿಂಗಳು 80 ನಿಮಿಷ ಕೂತೇ ಅಭ್ಯಾಸ ಮಾಡಬೇಕಾಯ್ತು. ಅದು ಕಷ್ಟವೇ ಇತ್ತು.

"ಎಲ್ಲರಿಗೂ ಒಂದೇ ಪರೀಕ್ಷೆ, ಇವರಿಗೆ ಮಾತ್ರ ಯಾಕೆ ಬೇರೆ?" ಅಂತ ಕೇಳಬಹುದು. ನಾವು ಬೇರೆ ಪರೀಕ್ಷೆ ಕೇಳ್ತಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಕಲಿಕಾ ನ್ಯೂನತೆಯ ಹೆಸರಿದೆ, ಎಡಿಎಚ್‌ಡಿಯ ಹೆಸರಿಲ್ಲ. ಹೆಚ್ಚುವರಿ ಸಮಯದ ವಾದ ದೊಡ್ಡದು, ಅದು ಇನ್ನೊಂದು ದಿನ ಇರಲಿ. ನಾವು ಕೇಳ್ತಿರೋದು ಪಿಯು ಕಾಲೇಜಿನಲ್ಲಿ ಸಂಜೆ ಹೇಗೂ ಖಾಲಿ ಇರುವ ಒಂದು ರೂಮು, ಒಬ್ಬ ಲೆಕ್ಚರರ್, ಐದು ಜನ ವಿದ್ಯಾರ್ಥಿಗಳು. ಗೋಡೆ ಮೇಲೆ ಪಟ್ಟಿ ಬೇಡ. ಇದನ್ನೇ "ಸ್ಮಾಲ್ ಬ್ಯಾಚ್" ಅಂತ ಹೆಸರಿಟ್ಟು ಜಾಸ್ತಿ ಫೀಸ್‌ಗೆ ಮಾರೋ ಕೋಚಿಂಗ್‌ಗಳಿವೆ, ಅಲ್ಲಿಗೆ ಎಲ್ಲರ ಮನೆಯಿಂದಲೂ ಕಳಿಸೋಕಾಗಲ್ಲ.

ಅವನು ಈಗ ನಮ್ಮ ಜೊತೆಗೇ ಇದ್ದಾನೆ, ಇ ಅಂಡ್ ಸಿ. ಈ ಸೆಮಿಸ್ಟರ್ ಶನಿವಾರ ಮಧ್ಯಾಹ್ನ ನಮ್ಮ ಕ್ಲಬ್ ರೂಮಿನಲ್ಲಿ ನಾಲ್ಕೈದು ಪಿಯು ವಿದ್ಯಾರ್ಥಿಗಳ ಜೊತೆ ಕೂರೋಣ ಅಂತ ನಾವು ನಾಲ್ವರೂ ಮಾತಾಡಿಕೊಂಡಿದ್ದೀವಿ. ನಿಮ್ಮ ತಮ್ಮನೋ ತಂಗಿಯೋ ಇದ್ರೆ ಕಳಿಸಿ. ರಿಪೋರ್ಟ್ ತರಬೇಕಿಲ್ಲ, ಕಾರಣವೂ ಕೇಳಲ್ಲ. ಪೆನ್ನು ಮಾತ್ರ ಎರಡು ತರಲಿ, ಒಂದು ಹೇಗೂ ಕಳೆದುಹೋಗುತ್ತೆ.