‘ಗಮಾರ’ ಎಂಬ ಪದ

ಈ ವರ್ಷ ನಮ್ಮ ತರಗತಿಗೆ ಸೇಡಂ ತಾಲ್ಲೂಕಿನ ಹಳ್ಳಿಯೊಂದರಿಂದ ಬಾಲಕನೊಬ್ಬನು ಬಂದು ಸೇರಿದನು. ಅವನು ತನ್ನ ಊರಿನ ನುಡಿಯಲ್ಲಿ ಉತ್ತರ ಹೇಳಿದಾಗ ಹಿಂದಿನ ಬೆಂಚಿನಿಂದ ‘ಗಮಾರ’ ಎಂಬ ಮಾತು ಕೇಳಿಬಂದಿತು, ತರಗತಿಯೆಲ್ಲ ನಕ್ಕಿತು. ನಾವು ಗದರಿಸಿದೆವು, ಆದರೆ ಆ ಪದದ ಅರ್ಥವನ್ನು ಬಿಡಿಸಿ ಹೇಳಲಿಲ್ಲ. ಆ ಬಾಕಿಯನ್ನು ಇಲ್ಲಿ ತೀರಿಸುತ್ತಿದ್ದೇವೆ.

ಗಮಾರ ಎಂಬುದು ಹಿಂದೂಸ್ತಾನಿಯ ‘ಗಂವಾರ್’ ಎಂಬುದರ ನಂಟುಳ್ಳ ಪದ. ‘ಗಾಂವ್’ ಎಂದರೆ ಹಳ್ಳಿ; ಅದರ ಮೂಲ ಸಂಸ್ಕೃತದ ‘ಗ್ರಾಮ’. ಹಳ್ಳಿಯವನೆಂಬ ಅರ್ಥವುಳ್ಳ ಪದವು ಪಟ್ಟಣಿಗರ ಬಾಯಲ್ಲಿ ನಡತೆಯರಿಯದವನೆಂಬ ಬೈಗುಳವಾಯಿತು. ಇಂಗ್ಲಿಷಿನಲ್ಲಿಯೂ ಹೀಗೆಯೇ ಆಗಿದೆ: ಹೊಲದ ಆಳನ್ನು ಸೂಚಿಸುತ್ತಿದ್ದ ‘ವಿಲನ್’ ದುಷ್ಟನಾದನು, ರೈತನನ್ನು ಸೂಚಿಸುತ್ತಿದ್ದ ‘ಬೂರ್’ ಒರಟನಾದನು. ಹೀಗೆ ಅರ್ಥ ಕೆಡಿಸಿದವರು ಉತ್ತವರಲ್ಲ, ಉಂಡವರು.

ಹೈದರಾಬಾದಿನ ಬೀದಿಗಳಲ್ಲಿ ‘ಬದ್‌ತಮೀಜ್’ ಎಂಬ ಪದವನ್ನು ನಿತ್ಯವೂ ಕೇಳುತ್ತೇವೆ. ‘ತಮೀಜ್’ ಅರಬ್ಬಿ ಮೂಲದ್ದು. ಒಂದರಿಂದ ಇನ್ನೊಂದನ್ನು ಬೇರ್ಪಡಿಸಿ ತಿಳಿಯುವುದೇ ಅದರ ಮೂಲಾರ್ಥ. ನಮ್ಮ ‘ವಿವೇಕ’ದ ಅರ್ಥವೂ ಅದೇ. ಉರ್ದುವಿನ ಬದ್‌ತಮೀಜನೂ ಕನ್ನಡದ ಅವಿವೇಕಿಯೂ ನೆರೆಹೊರೆಯವರೇ ಸರಿ. ಇನ್ನು ಸಭೆಗೆ ಯೋಗ್ಯನಾದವನು ‘ಸಭ್ಯ’, ಅಲ್ಲದವನು ‘ಅಸಭ್ಯ’. ಈ ಪದಗಳು ಮನುಷ್ಯನ ನಡತೆಯನ್ನು ಅಳೆಯುತ್ತವೆ. ಗಮಾರ ಎಂಬುದಾದರೋ ಅವನು ಹುಟ್ಟಿದ ಊರನ್ನು ಅಳೆಯುತ್ತದೆ. ಊರು ಯಾರ ತಪ್ಪು?

ಆ ಬಾಲಕನ ತಾಲ್ಲೂಕಿನಲ್ಲಿಯೇ ಮಳಖೇಡವಿದೆ. ಇಂದು ಹಳ್ಳಿಯಾಗಿರುವ ಅದು 9ನೆಯ ಶತಮಾನದಲ್ಲಿ ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ರಾಜಧಾನಿಯಾಗಿತ್ತು. ಅವನ ಆಸ್ಥಾನದ ಶ್ರೀವಿಜಯನು ರಚಿಸಿದ ‘ಕವಿರಾಜಮಾರ್ಗ’ವು ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದು. ಶಾಸ್ತ್ರ ಓದದವರೂ ಕಾವ್ಯದಲ್ಲಿ ನುರಿತವರೆಂದು ಅದು ಕನ್ನಡ ಜನರನ್ನು ಕೊಂಡಾಡಿದೆ. ಅಂತಹ ನೆಲದಿಂದ ಬಂದವನ ನುಡಿಯನ್ನು ಕೇಳಿ ಕನ್ನಡ ಶಾಲೆಯ ಮಕ್ಕಳೇ ನಗುವುದು ತರವಲ್ಲ.

ನಾವೂ ಹಳ್ಳಿಯಿಂದ ಈ ನಗರಕ್ಕೆ ಬಂದವರು. ಮೊದಮೊದಲು ಇದೇ ಪದಕ್ಕೆ ಅಂಜಿ ತಾಯಿ ಕಲಿಸಿದ ನುಡಿಯನ್ನು ಅಡಗಿಸಿಕೊಂಡೆವು; ಈಗ ರಜೆಗೆ ಊರಿಗೆ ಹೋದರೂ ಅದು ಸರಾಗವಾಗಿ ಬಾಯಿಗೆ ಬರುವುದಿಲ್ಲ. ಆ ನಷ್ಟವು ಈ ಬಾಲಕನಿಗೆ ಒದಗಬಾರದು.

ಮೊನ್ನೆ ಶಾಲೆ ಬಿಟ್ಟಾಗ ಆಯಾ ಅವರು ನೀರಿನ ಕೊಡ ಹೊತ್ತು ಮೆಟ್ಟಿಲು ಹತ್ತುತ್ತಿದ್ದರು. ಗೋಡೆಗೆ ಸರಿದು ದಾರಿ ಬಿಟ್ಟವನು ಆ ಬಾಲಕನೊಬ್ಬನೇ. ಉಳಿದವರು ನೂಕಿಕೊಂಡು ಇಳಿದರು. ಅಂದು ಆ ಮೆಟ್ಟಿಲುಗಳ ಮೇಲೆ ಸಭ್ಯನಾರು, ಅಸಭ್ಯರಾರು ಎಂಬುದನ್ನು ನಮ್ಮ ವಿದ್ಯಾರ್ಥಿಗಳೇ ನಿರ್ಣಯಿಸಲಿ.