ಓಲಗದವರೂ ಸ್ಯಾಕ್ಸೊಫೋನಿನವರೂ

ಕಾವೇರಿಯ ದಡದ ಶಿರಂಗಾಲವೇ ಆಗಲಿ, ಕನ್ನಡನಾಡಿನ ಬೇರಾವ ಊರೇ ಆಗಲಿ, ಮದುವೆಯ ಚಪ್ಪರದಲ್ಲಿ ಓಲಗದವರಿಗೆ ಸಲ್ಲುವ ಗಮನ ಅಷ್ಟಕ್ಕಷ್ಟೇ. ಮುಹೂರ್ತ ಸಮೀಪಿಸಿದಾಗ 'ಗಟ್ಟಿಮೇಳ' ಎಂಬ ಕೂಗೇಳುತ್ತದೆ, ಡೋಲು ಬಿರುಸಾಗುತ್ತದೆ, ಅಕ್ಷತೆ ಬೀಳುತ್ತದೆ. ಅದುವರೆಗೆ ನಾಗಸ್ವರದಲ್ಲಿ ಹರಿದು ಬಂದ ರಾಗವಾವುದೆಂದು ಕೇಳಿದರೆ ಉತ್ತರ ಹೇಳಬಲ್ಲವರು ವಿರಳ. ಊಟ, ಉಪಚಾರ, ಒಡವೆ ವಸ್ತ್ರಗಳ ಮಾತಿನ ನಡುವೆ ಅದೊಂದು ಶುಭಸೂಚಕವಾದ ಸದ್ದು, ಅಷ್ಟೆ.

ಆ ಸದ್ದಿಗಾಗಿ ಸಮುದ್ರ ದಾಟಿ ಬಂದವರೊಬ್ಬರಿದ್ದರು. ಅಮೆರಿಕದ ಬಾಸ್ಟನ್ ನಗರದಲ್ಲಿ 1923ರಲ್ಲಿ ಜನಿಸಿದ ಚಾರ್ಲಿ ಮೇರಿಯಾನೊ ಸ್ಯಾಕ್ಸೊಫೋನ್ ವಾದಕರು. 1963ರಲ್ಲಿ ಚಾರ್ಲ್ಸ್ ಮಿಂಗಸ್ಸರ ಪ್ರಖ್ಯಾತ ಜಾಜ್ ಮುದ್ರಿಕೆಯಲ್ಲಿ ನುಡಿಸಿ ಹೆಸರಾದವರು. ಹೆಸರು ಬಂದ ಮೇಲೆ ವಿಶ್ರಮಿಸುವುದು ಲೋಕದ ರೂಢಿ. ಮೇರಿಯಾನೊ ಹಾಗೆ ಮಾಡಲಿಲ್ಲ. ನಾಗಸ್ವರದ ನಾದಕ್ಕೆ ಮನಸೋತು, ನಡುವಯಸ್ಸಿನಲ್ಲಿ ದಕ್ಷಿಣ ಭಾರತಕ್ಕೆ ಬಂದು, ವಿದ್ಯಾರ್ಥಿಯಾಗಿ ಕುಳಿತು ಆ ವಾದ್ಯವನ್ನು ಅಭ್ಯಾಸ ಮಾಡಿದರು.

ಆ ಅಭ್ಯಾಸದ ಫಲ ಬೆಂಗಳೂರಿನವರ ಜೊತೆಯಲ್ಲಿ ಕಾಣಿಸಿಕೊಂಡಿತು. 1964ರಲ್ಲಿ ಸ್ಥಾಪನೆಯಾದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಲಯವಾದ್ಯಗಳ ಶಿಕ್ಷಣಕ್ಕೆ ಹೆಸರಾದ ಸಂಸ್ಥೆ. ಅದರ ಮೃದಂಗ ವಿದ್ವಾಂಸ ಟಿ. ಎ. ಎಸ್. ಮಣಿ, ಗಾಯಕಿ ಆರ್. ಎ. ರಮಾಮಣಿ ಹಾಗೂ ಸಂಗಡಿಗರೊಡನೆ ಮೇರಿಯಾನೊ ನುಡಿಸಿದ 'ಜ್ಯೋತಿ' ಎಂಬ ಧ್ವನಿಮುದ್ರಿಕೆಯನ್ನು 1983ರಲ್ಲಿ ಜರ್ಮನಿಯ ಇ.ಸಿ.ಎಂ. ಸಂಸ್ಥೆ ಹೊರತಂದಿತು. ಅದರಲ್ಲಿ ಘಟ, ಖಂಜಿರಗಳಿವೆ, ಕೊನ್ನಕ್ಕೋಲಿದೆ. ಅವುಗಳ ನಡುವೆ ಪರದೇಶದ ಕೊಳವೆಯೊಂದು ತನ್ನ ಸರದಿಯನ್ನು ಕಾಯುತ್ತದೆ. ಅತಿಥಿಯೆಂಬ ಸೊಕ್ಕು ಅದಕ್ಕಿಲ್ಲ.

ಈ ಕಥೆಗೆ ಇನ್ನೊಂದು ಮುಖವುಂಟು. ದಕ್ಷಿಣ ಕನ್ನಡದ ನಾಗಸ್ವರ ವಿದ್ವಾಂಸರೊಬ್ಬರ ಮಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದ. ಬ್ಯಾಂಡಿನ ವಾದ್ಯದಲ್ಲಿ ಗಮಕವೆಲ್ಲಿ ಬಂದೀತು ಎಂಬ ಸಂದೇಹಕ್ಕೆ ಜೀವಮಾನದ ಸಾಧನೆಯೇ ಉತ್ತರವಾಯಿತು. ಅವರೇ ಕದ್ರಿ ಗೋಪಾಲನಾಥರು (1949–2019). ಬಾಸ್ಟನ್ನಿನ ಸ್ಯಾಕ್ಸೊಫೋನಿಗ ನಾಗಸ್ವರದ ಕಡೆಗೂ, ನಾಗಸ್ವರದ ಮನೆಯ ಹುಡುಗ ಸ್ಯಾಕ್ಸೊಫೋನಿನ ಕಡೆಗೂ ನಡೆದದ್ದು ವಿಧಿಯ ವಿನೋದವೆನ್ನಬೇಕು.

ಮುಂದೆ ಕರ್ನಾಟಕ ಮೂಲದ ಕುಟುಂಬದ ತರುಣ, ಅಮೆರಿಕದಲ್ಲಿ ಬೆಳೆದ ರುದ್ರೇಶ ಮಹಾಂತಪ್ಪ, ಬಾಸ್ಟನ್ನಿನ ಬರ್ಕ್ಲೀ ಸಂಗೀತ ಕಾಲೇಜಿನಲ್ಲಿ ಜಾಜ್ ಕಲಿಯುತ್ತಿದ್ದಾಗ ಅವರ ಅಣ್ಣ ಗೋಪಾಲನಾಥರ ಧ್ವನಿಮುದ್ರಿಕೆಯೊಂದನ್ನು ತಂದುಕೊಟ್ಟರು. ತಮಾಷೆಗೆ ಕೊಟ್ಟ ಆ ಕಾಣಿಕೆ ತಮಾಷೆಯಾಗಿ ಉಳಿಯಲಿಲ್ಲ. 2008ರಲ್ಲಿ ಇಬ್ಬರೂ ಸೇರಿ 'ಕಿನ್ಸ್‌ಮೆನ್' ಎಂಬ ಮುದ್ರಿಕೆಯನ್ನು ಹೊರತಂದರು. ಆ ಮಾತಿಗೆ ಅರ್ಥ 'ಬಂಧುಗಳು'. ಎರಡು ಸ್ಯಾಕ್ಸೊಫೋನುಗಳಲ್ಲಿ ಒಂದು ರಾಗದ ಮಗು, ಇನ್ನೊಂದು ಜಾಜಿನ ಮಗು, ಜೊತೆಗೆ ಎ. ಕನ್ಯಾಕುಮಾರಿಯವರ ಪಿಟೀಲು, ಮೃದಂಗ, ವಿದ್ಯುತ್ ಗಿಟಾರ್. ಅಮೆರಿಕದ ಮಾತಿಲ್ಲದ ಹೊಸ ಸಂಗೀತವನ್ನು ಅರಿಯಬಯಸುವ ಕನ್ನಡಿಗನಿಗೆ ಇದಕ್ಕಿಂತ ಹತ್ತಿರದ ಹೆಬ್ಬಾಗಿಲು ಇರಲಾರದು.

ಬಾಗಿಲು ದಾಟಿದ ಮೇಲೆ ದಾರಿ ಯಾವುದು? ಶಿರಂಗಾಲದ ಬಳಿ ಕೊಡಗನ್ನು ಬಿಟ್ಟು ಮುಂದಕ್ಕೆ ಹರಿಯುವ ಕಾವೇರಿಯ ಮೂಲವನ್ನು ಕಾಣಬೇಕಾದರೆ ಹರಿವಿಗೆದುರಾಗಿ ನಡೆಯಬೇಕು. ಇಲ್ಲಿಯೂ ಹಾಗೆಯೇ. 'ಜ್ಯೋತಿ'ಯಿಂದ ಒಂದು ಹೆಜ್ಜೆ ಹಿಂದಕ್ಕೆ ಹೋದರೆ 1976ರ 'ಶಕ್ತಿ' ಸಿಕ್ಕುತ್ತದೆ. ಆಂಗ್ಲ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್, ಪಿಟೀಲಿನ ಎಲ್. ಶಂಕರ್, ತಬಲಾದ ಜಾಕಿರ್ ಹುಸೇನ್, ಘಟದ ವಿನಾಯಕರಾಂ ಮೊದಲಾದವರು ನ್ಯೂಯಾರ್ಕಿನ ಕಾಲೇಜೊಂದರಲ್ಲಿ ನಡೆಸಿದ ಕಛೇರಿಯ ಮುದ್ರಣವದು. ಇನ್ನೂ ಹಿಂದಕ್ಕೆ, ಅದೇ ಮೆಕ್‌ಲಾಫ್ಲಿನ್ನರು ನ್ಯೂಯಾರ್ಕಿನಲ್ಲಿ ಕಟ್ಟಿದ ಮಹಾವಿಷ್ಣು ಆರ್ಕೆಸ್ಟ್ರಾ: 1971ರ 'ದಿ ಇನ್ನರ್ ಮೌಂಟಿಂಗ್ ಫ್ಲೇಮ್', 1973ರ 'ಬರ್ಡ್ಸ್ ಆಫ್ ಫೈರ್'. ಎರಡನೆಯದರ ಮೊದಲ ಕೃತಿ 18 ಎಣಿಕೆಯ ಆವರ್ತದಲ್ಲಿ ಉರಿಯುತ್ತದೆ.

ಮತ್ತೂ ಹಿಂದಕ್ಕೆ, 1969. ಆ ವರ್ಷ ಮೈಲ್ಸ್ ಡೇವಿಸ್ಸರ 'ಇನ್ ಎ ಸೈಲೆಂಟ್ ವೇ' ಬಂದಿತು. ಅದರಲ್ಲಿ ಗಿಟಾರ್ ಹಿಡಿದವರೂ ಮೆಕ್‌ಲಾಫ್ಲಿನ್ನರೇ. ವಿದ್ಯುತ್ ವಾದ್ಯಗಳು ಅಲ್ಲಿ ಗದ್ದಲ ಮಾಡುವುದಿಲ್ಲ; ಮುಂಜಾವಿನ ಮಂಜಿನಂತೆ ಮೆಲ್ಲನೆ ಕವಿಯುತ್ತವೆ. ಅದೇ ವರ್ಷ ಫ್ರಾಂಕ್ ಜಪ್ಪಾರ 'ಹಾಟ್ ರ‍್ಯಾಟ್ಸ್' ಹೊರಬಂದಿತು. ಅದರ ಆರು ಕೃತಿಗಳಲ್ಲಿ ಐದಕ್ಕೆ ಮಾತೇ ಇಲ್ಲ. ರಾಕ್ ಸಂಗೀತವೆಂದರೆ ಕಿರುಚಾಟವೆಂದು ತೀರ್ಪು ಕೊಟ್ಟವರು ಇದನ್ನು ಕೇಳಿದ ಮೇಲೆ ತೀರ್ಪನ್ನು ಪುನಃ ಪರಿಶೀಲಿಸುವುದೊಳಿತು.

ಇಂತಹ ಧ್ವನಿಮುದ್ರಿಕೆಗಳು ಒಂದು ಕಾಲಕ್ಕೆ ಮಹಾನಗರಗಳ ಕೆಲವೇ ಅಂಗಡಿಗಳಲ್ಲಿ ದೊರಕುತ್ತಿದ್ದವು. ಇಂದು ಹಳ್ಳಿಯ ಜಗಲಿಯಲ್ಲಿ ಕುಳಿತವನ ಮೊಬೈಲಿನಲ್ಲೇ ಇವೆಲ್ಲ ನುಡಿಯುತ್ತವೆ. ದೊರಕುವುದು ಸುಲಭವಾದಷ್ಟೂ ಆರಿಸುವುದು ಕಷ್ಟ. ಸಿತಾರಿನ ಎರಡು ಮೀಟು, ತಬಲಾದ ನಾಲ್ಕು ಪೆಟ್ಟುಗಳನ್ನು ಒಗ್ಗರಣೆಯಂತೆ ಹಾಕಿ 'ಸಮ್ಮಿಶ್ರಣ'ವೆಂದು ಮಾರುವ ಸರಕೂ ಧಾರಾಳವಾಗಿದೆ. ಕಾಳು ಯಾವುದು, ಜೊಳ್ಳು ಯಾವುದು ಎಂಬುದಕ್ಕೆ ಒರೆಗಲ್ಲೊಂದಿದೆ: ಬೆರೆಸಿದವನು ಮೊದಲು ಕಲಿತನೆ? ಮೇರಿಯಾನೊ ಕಲಿತರು, ಗೋಪಾಲನಾಥರು ಕಲಿತರು, ಮೆಕ್‌ಲಾಫ್ಲಿನ್ನರೂ ಎಸ್. ರಾಮನಾಥನ್ನರ ಬಳಿ ವೀಣೆಯ ಪಾಠ ಹೇಳಿಸಿಕೊಂಡರು. ಅವರ ಮುದ್ರಿಕೆಗಳು ದಶಕಗಳು ಕಳೆದರೂ ಹಳಸದಿರುವುದಕ್ಕೆ ಅದೇ ಕಾರಣ.

ಕೇಳುಗನೂ ಅಷ್ಟಿಷ್ಟು ಕಲಿಯಬೇಕು. ಅದಕ್ಕೆ ಪರದೇಶದ ಶಾಸ್ತ್ರವೇನೂ ಬೇಡ. ತೊಡೆಯ ಮೇಲೆ ಕೈಯಿಟ್ಟು 'ತಕ ತಕಿಟ' ಎಂದರೆ ಐದಾಯಿತು. 'ತಕಿಟ ತಕಧಿಮಿ' ಎಂದರೆ ಏಳಾಯಿತು. ದುಡಿಯ ಪೆಟ್ಟು ಕೇಳಿ ಬೆಳೆದ ಕೊಡಗಿನವರ ಕೈಗೆ ಈ ಲೆಕ್ಕ ಅಪರಿಚಿತವಲ್ಲ. ಮೊದಲು ಗೊಂದಲವೆನಿಸಿದ್ದು ಎಣಿಸತೊಡಗಿದಂತೆ ಹೆಣಿಗೆಯಾಗಿ ಬಿಚ್ಚಿಕೊಳ್ಳುತ್ತದೆ.

ಹಾಗೆ ತಿದ್ದಿಕೊಂಡ ಕಿವಿ ಒಂದು ದಿನ ಮದುವೆಯ ಚಪ್ಪರಕ್ಕೂ ಬರುತ್ತದೆ. ಮೂಲೆಯಲ್ಲಿ ಕುಳಿತು ನುಡಿಸುವ ಓಲಗದವರ ಎದುರು ಆ ಕಿವಿ ಐದು ನಿಮಿಷ ಸುಮ್ಮನೆ ನಿಂತರೆ, ಅಷ್ಟು ದೂರದ ಸಂಗೀತವನ್ನು ಹುಡುಕಿದ್ದು ಸಾರ್ಥಕ.