ಹಿಮಕ್ಕೂ ಒಂದು ಹದ

ಜನವರಿಯ ಒಂದು ನಸುಕಿನಲ್ಲಿ ನಾವಿಬ್ಬರೂ ಮಾಗಡಿ ಕೆರೆಯ ದಂಡೆಯ ಮೇಲೆ ಕಂಬಳಿ ಹೊದ್ದು ಕೂತಿದ್ದೆವು. ನಾನು ಶಿಗ್ಲಿಯ ನಿವೃತ್ತ ಭೂಗೋಳ ಮಾಸ್ತರ, ಊರ ಹೊರಗಿನ ನಾಲ್ಕು ಎಕರೆ ಎರಿ ಹೊಲದ ಒಡೆಯ. ಅವನು ನಮ್ಮ ಓಣಿಯವನೇ, ಸಾಲಿಗೆ ಹೋಗುವಾಗಿನಿಂದ ಜೊತೆಗಾರ, ಮೂರು ಮಗ್ಗದ ನೇಕಾರ. ಪಟ್ಟೆತಲೆ ಹೆಬ್ಬಾತುಗಳು ಗುಂಪುಗುಂಪಾಗಿ ಬಂದು ನೀರಿಗಿಳಿಯುತ್ತಿದ್ದವು. ಟಿಬೆಟ್, ಮಂಗೋಲಿಯಾ ಕಡೆಯ ಸರೋವರಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ, ಶಿರಹಟ್ಟಿ ಸೀಮೆಯ ಶೇಂಗಾ ಕಡಲೆ ತಿಂದುಂಡು, ಇಲ್ಲಿ ಬಿಸಿಲು ಬಲಿಯುವ ಮೊದಲೇ ಹೊರಟುಹೋಗುವ ಬೀಗರು. ಮಳೆನೀರು ಹಿಡಿಯಲೆಂದು ಕಟ್ಟಿದ ಐವತ್ತು ಹೆಕ್ಟೇರಿನ ಈ ಕೆರೆ 2024ರಲ್ಲಿ ಜೌಗುನೆಲಗಳ ರಾಮ್ಸಾರ್ ಪಟ್ಟಿ ಸೇರಿತೆಂದರೆ ಅದಕ್ಕೆ ಮುಖ್ಯ ಕಾರಣ ಚಳಿಗಾಲದಲ್ಲಿ ಬಂದಿಳಿಯುವ ಇಂಥ ಸಾವಿರಾರು ಹಕ್ಕಿಗಳು.

ಅವನ್ನೇ ನೋಡುತ್ತ ಗೆಳೆಯ ಕೇಳಿದ. ‘ಇವು ಚಳಿ ಬಿಟ್ಟು ನಮ್ಮ ಕಡೆ ಬಂದಾವು. ನನ್ನ ಮಗ ನಮ್ಮನ್ನ ಚಳಿಗೆ ಕರಕೊಂಡು ಹೋಗ್ತೀನಿ ಅಂತಾನ. ಹಡಗದಾಗ, ಬರ್ಫದ ನಾಡಿಗೆ. ತಿಂಗಳು ನೀವ ಆರಿಸ್ರಿ ಅಂದಾನ. ನೀ ಹೇಳಪಾ ಮಾಸ್ತರ, ಯಾವಾಗ ಹೋದ್ರ ಚಲೋ?’

ಮಗ ನೆದರ್ಲ್ಯಾಂಡ್ಸಿನಲ್ಲಿ ಕೆಲಸಕ್ಕಿದ್ದಾನೆ. ತಾಯಿಗೆ ಪೆಂಗ್ವಿನ್ ನೋಡುವ ಆಸೆ, ತಂದೆಗೆ ಬಿಳಿ ಕರಡಿ. ಒಂದು ಭೂಮಿಯ ಕೆಳತುದಿಯಲ್ಲಿದೆ, ಇನ್ನೊಂದು ಮೇಲ್ತುದಿಯಲ್ಲಿ. ಮೂವತ್ತು ವರ್ಷ ಭೂಗೋಳ ಕಲಿಸಿದವನು ಥಟ್ಟನೆ ಉತ್ತರ ಕೊಡಬೇಕಿತ್ತು. ‘ಸ್ವಲ್ಪ ತಡಿ’ ಎಂದೆ. ಮುಂದಿನ ಹದಿನೈದು ದಿನ ಅದೇ ಯೋಚನೆಯಲ್ಲಿ ಕಳೆದೆ.

ಮೊದಲು ದಕ್ಷಿಣದ ಮಾತು. ಅಂಟಾರ್ಕ್ಟಿಕಾಕ್ಕೆ ಪ್ರವಾಸಿ ಹಡಗುಗಳು ಹೋಗುವುದು ಅಲ್ಲಿಯ ಬೇಸಿಗೆಯಲ್ಲಿ, ಅಂದರೆ ನವೆಂಬರಿನಿಂದ ಮಾರ್ಚಿನವರೆಗೆ. ಬಹುಪಾಲು ಹಡಗುಗಳು ಅರ್ಜೆಂಟೀನಾದ ಉಶುವಾಯದಿಂದ ಹೊರಟು, ಡ್ರೇಕ್ ಜಲಸಂಧಿಯನ್ನು ಎರಡು ದಿನ ತೂಗಾಡುತ್ತ ದಾಟಿ ಅಂಟಾರ್ಕ್ಟಿಕಾದ ಪರ್ಯಾಯದ್ವೀಪ ಮುಟ್ಟುತ್ತವೆ. ಡ್ರೇಕಿನ ಮರ್ಜಿ ಡ್ರೇಕಿನದು, ತಿಂಗಳು ನೋಡಿ ಅದು ಸುಮ್ಮನಾಗುವುದಿಲ್ಲ. ಹಾಗಾಗಿ ಹೊಟ್ಟೆ ತೊಳಸುವ ಲೆಕ್ಕವನ್ನು ಬದಿಗಿಟ್ಟೆ. ಉಳಿದದ್ದು ಒಂದೇ ಜಗಳ. ಹಂಗಾಮಿನ ಮೊದಲಿಗೆ ಹೋಗಬೇಕೋ, ಕೊನೆಗೆ ಹೋಗಬೇಕೋ?

ನಮ್ಮ ಕಡೆ ಬಿತ್ತುವವನು ಪಂಚಾಂಗದ ಮುಹೂರ್ತಕ್ಕಿಂತ ನೆಲದ ಹದಕ್ಕೆ ಹೆಚ್ಚು ಅಂಜುತ್ತಾನೆ. ಎರಿ ನೆಲ ಹಸಿ ಇದ್ದಾಗ ಕೂರಿಗೆ ಹೂಡಿದರೆ ಮಣ್ಣು ತಾಳಿಗೆ ಮೆತ್ತುತ್ತದೆ, ಎರಡು ದಿನ ತಡವಾದರೆ ಬೀಜ ಒಣಮಣ್ಣಿಗೆ ಬೀಳುತ್ತದೆ. ದಕ್ಷಿಣ ಧ್ರುವದ ಚರಿತ್ರೆಯೂ ಹೆಚ್ಚುಕಡಿಮೆ ಇಂಥ ಹದದ ಕಥೆಯೇ. ನಾರ್ವೆಯ ಅಮುಂಡ್ಸೆನ್ 1911ರ ಸೆಪ್ಟೆಂಬರ್ 8ಕ್ಕೇ ಅವಸರ ಮಾಡಿ ಹೊರಟ. ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗಿನ ಚಳಿಗೆ ನಾಯಿಗಳು ಸೋತವು, ಮಂದಿಯ ಹಿಮ್ಮಡಿ ಸೆಟೆದವು, ನೆಲೆಗೆ ಹಿಂದಿರುಗಬೇಕಾಯಿತು. ಅಕ್ಟೋಬರಿನಲ್ಲಿ ಎರಡನೆಯ ಸಲ ಹೊರಟು ಡಿಸೆಂಬರ್ 14ಕ್ಕೆ ಧ್ರುವ ಮುಟ್ಟಿದ. ಇಂಗ್ಲೆಂಡಿನ ಸ್ಕಾಟ್ ತಂದಿದ್ದು ಕುದುರೆಮರಿಗಳಂಥ ಪುಟ್ಟ ತಟ್ಟುಗಳನ್ನು. ಅವು ವಸಂತದ ಚಳಿ ತಾಳಲಾರವೆಂದು ನವೆಂಬರ್ 1ರವರೆಗೂ ಕಾದ. 1912ರ ಜನವರಿ 17ಕ್ಕೆ ಧ್ರುವ ಸೇರಿದಾಗ ಅಲ್ಲಿ ನಾರ್ವೆಯ ಬಾವುಟ ಹಾರುತ್ತಿತ್ತು. ಹಿಂದಿರುಗುವ ದಾರಿಯಲ್ಲಿ ಮಾರ್ಚಿನ ಚಳಿ ಹಿಡಿದುಕೊಂಡಿತು. ಅವನ ದಿನಚರಿಯ ಕೊನೆಯ ಬರಹ ಮಾರ್ಚ್ 29ರದ್ದು. ಸ್ಕಾಟನ ಸಾವಿಗೆ ತಡ ಒಂದೇ ಕಾರಣವಲ್ಲ ನಿಜ, ಆಹಾರ, ಇಂಧನ, ಎಳೆಯುವ ಪ್ರಾಣಿ ಎಲ್ಲದರ ಲೆಕ್ಕವೂ ತಪ್ಪಿತ್ತು. ಆದರೂ ಬೇಗ ಹೊರಟವನು ಮರಳಿ ಬಂದು ಮತ್ತೆ ಹೊರಡಬಹುದು, ತಡವಾದವನಿಗೆ ಆ ಅವಕಾಶ ಇರುವುದಿಲ್ಲ ಎಂಬುದು ಅವೆರಡು ಪಯಣಗಳನ್ನು ಓದಿದಾಗಲೆಲ್ಲ ನನಗೆ ಕಂಡದ್ದು. ಬೆಚ್ಚನೆಯ ಕೋಣೆ, ಮೂರು ಹೊತ್ತಿನ ಊಟ ಇರುವ ಪ್ರವಾಸಿಗೆ ಜೀವದ ಭಯವಿಲ್ಲ. ಅವನು ಕಳೆದುಕೊಳ್ಳಬಹುದಾದ್ದು ನೋಟ ಮಾತ್ರ.

ಹಾಗಾದರೆ ನವೆಂಬರಿನ ನೋಟವೇನು? ಅಂಟಾರ್ಕ್ಟಿಕಾದ ಸುತ್ತ ಕಡಲಹಿಮ ಸೆಪ್ಟೆಂಬರಿನಲ್ಲಿ ಅತಿ ಹೆಚ್ಚು ಹರಡಿರುತ್ತದೆ, ಫೆಬ್ರುವರಿಗೆ ಅತಿ ಕಡಿಮೆಗೆ ಇಳಿಯುತ್ತದೆ. ನವೆಂಬರಿನಲ್ಲಿ ಹೋದವರಿಗೆ ಆಗತಾನೆ ಒಡೆಯುತ್ತಿರುವ ಹಿಮ, ಯಾರ ಕಾಲೂ ತಾಗದ ಬಿಳುಪು, ಸುಣ್ಣ ಬಳಿದ ಗೋಡೆಯಂಥ ಗುಡ್ಡಗಳು. ಜೆಂಟೂ ಪೆಂಗ್ವಿನ್ನುಗಳು ಗೂಡು ಕಟ್ಟುವ ಕಾಲ ಅದು. ಗೂಡೆಂದರೆ ಹರಳುಗಳ ಗುಪ್ಪೆ. ಒಂದು ದೂರದಿಂದ ಕಲ್ಲು ಹೊತ್ತು ತಂದರೆ ನೆರೆಮನೆಯದು ಅದು ಅತ್ತ ತಿರುಗಿದಾಗ ಎಗರಿಸುತ್ತದೆ. ಕೊಟ್ಟಿಗೆ ಕಟ್ಟಿಸುವಾಗ ಇಟ್ಟಂಗಿ ಎಣಿಸಿ ಮಲಗಿದವರಿಗೆ ಈ ವ್ಯವಹಾರ ಅರ್ಥವಾಗುತ್ತದೆ.

ನವೆಂಬರಿಗೆ ವಿರುದ್ಧವಾಗಿಯೂ ಹೇಳುವುದಿದೆ. ಲೆಮೇರ್ ಎಂಬ ಇಕ್ಕಟ್ಟಾದ ಸುಂದರ ಕಾಲುವೆ ಹಿಮದಿಂದ ಮುಚ್ಚಿರಬಹುದು, ಹಡಗು ಹಿಂದಿರುಗಬಹುದು. ಮರಿಗಳಿರುವುದಿಲ್ಲ, ತಿಮಿಂಗಿಲ ಕಡಿಮೆ. ಮೊಣಕಾಲುದ್ದ ಹಿಮದಲ್ಲಿ ನಡೆಯಬೇಕು. ನಮ್ಮ ಕಾಲು ಹೂತು ಬಿದ್ದ ಕುಣಿಯಲ್ಲಿ ಪೆಂಗ್ವಿನ್ ಬಿದ್ದರೆ ಮೇಲೇಳಲಾರದು, ಹಾಗಾಗಿ ಪ್ರತಿಯೊಬ್ಬರೂ ತಮ್ಮ ಕುಣಿಯನ್ನು ತಾವೇ ಮುಚ್ಚಿ ಬರಬೇಕೆಂಬ ಕಟ್ಟಳೆಯಿದೆ. 2007ರ ನವೆಂಬರ್ 23ರಂದು ‘ಎಕ್ಸ್‌ಪ್ಲೋರರ್’ ಎಂಬ ಪ್ರವಾಸಿ ಹಡಗು ಹಿಮಕ್ಕೆ ಬಡಿದು ಮುಳುಗಿತ್ತು. ಹಡಗಿನಲ್ಲಿದ್ದ 154 ಮಂದಿಯೂ ಬದುಕಿ ಬಂದರು. ಆ ಒಂದು ಅಪಘಾತ ತೋರಿಸಿ ನವೆಂಬರೇ ಕೆಟ್ಟದ್ದೆನ್ನುವುದು, ಒಂದು ವರ್ಷ ಅಕಾಲ ಮಳೆ ಬಂತೆಂದು ಹಿಂಗಾರಿಯನ್ನೇ ಬಿಟ್ಟಂತೆ.

ಫೆಬ್ರುವರಿಯ ಪಕ್ಷ ಹಿಡಿದವರ ವಾದವೂ ಗಟ್ಟಿ. ಡಿಸೆಂಬರಿನ ಕೊನೆಗೆ ಒಡೆದ ಮೊಟ್ಟೆಗಳ ಮರಿಗಳು ಆಗ ಬೂದು ತುಪ್ಪಳದ ಪುಂಡರಾಗಿರುತ್ತವೆ. ತಂದೆತಾಯಿಯನ್ನು ದಂಡೆಯುದ್ದಕ್ಕೂ ಅಟ್ಟಿಸಿಕೊಂಡು ಹೋಗಿ ತುತ್ತು ಕೇಳುತ್ತವೆ. ಗೂನುಬೆನ್ನಿನ ತಿಮಿಂಗಿಲಗಳು ಕ್ರಿಲ್ ಎಂಬ ಸಿಗಡಿಯಂಥ ಪುಟ್ಟ ಜೀವಿಗಳನ್ನು ತಿಂದು ಕೊಬ್ಬಿ ಹಡಗಿನ ಪಕ್ಕದಲ್ಲೇ ಬೆನ್ನೆತ್ತುತ್ತವೆ, ತಿಮಿಂಗಿಲಕ್ಕಾಗಿಯೇ ಹೋಗುವವರಿಗೆ ಫೆಬ್ರುವರಿ, ಮಾರ್ಚಿಗಿಂತ ಒಳ್ಳೆಯ ಕಾಲವಿಲ್ಲ. ಹಿಮ ಸರಿದು ದಾರಿ ಬಿಟ್ಟಿರುವುದರಿಂದ ಹಡಗುಗಳು ಇನ್ನೂ ಕೆಳಗಿಳಿದು ಅಂಟಾರ್ಕ್ಟಿಕ್ ವೃತ್ತವನ್ನೂ ದಾಟಬಲ್ಲವು. ಭಾರತದ ಮೊದಲ ತಂಡ ಎಸ್. ಜೆಡ್. ಕಾಸಿಂ ಅವರ ಮುಂದಾಳತ್ವದಲ್ಲಿ 1981ರ ಡಿಸೆಂಬರ್ 6ಕ್ಕೆ ಗೋವಾ ಬಿಟ್ಟು 1982ರ ಜನವರಿ 9ಕ್ಕೆ ಅಲ್ಲಿ ಕಾಲಿಟ್ಟದ್ದು ಕೂಡ ಹಿಮ ಸಡಿಲಗೊಂಡ ಈ ಕಾಲದಲ್ಲೇ. ಕೆಲಸವಿದ್ದವರು ದಾರಿ ತೆರೆಯುವವರೆಗೆ ಕಾಯುತ್ತಾರೆ.

ಫೆಬ್ರುವರಿಗೂ ಅದರದೇ ಕೊಳೆಯಿದೆ, ಅಕ್ಷರಶಃ. ಕ್ರಿಲ್ ತಿಂದ ಪೆಂಗ್ವಿನ್ನುಗಳ ಹಿಕ್ಕೆ ಕೆಂಪಗೆ ಹರಡಿ, ಕರಗಿದ ಹಿಮದಲ್ಲಿ ಕಲಸಿ ದಂಡೆಯೆಲ್ಲ ರಾಡಿ. ವಾಸನೆ ಹಡಗಿನವರೆಗೂ ಬರುತ್ತದಂತೆ. ಬಿಳಿಯ ಹಿಮದ ಮೇಲೆ ಪಾಚಿ ಬೆಳೆದು ಅಲ್ಲಲ್ಲಿ ಹಸಿರು, ಗುಲಾಬಿ. ದೊಡ್ಡ ಪೆಂಗ್ವಿನ್ನುಗಳು ಗರಿ ಉದುರಿಸುತ್ತ, ಹೊಸ ಗರಿ ಬರುವವರೆಗೆ ನೀರಿಗಿಳಿಯಲಾರದೆ, ಉಪವಾಸ ನಿಂತಿರುತ್ತವೆ. ನಾವು ಹತ್ತಿರ ಹೋಗಿ ಅವನ್ನು ಓಡಿಸಿದರೆ ಉಳಿಸಿಟ್ಟ ಕೊಬ್ಬನ್ನು ಸುಮ್ಮನೆ ಸುಡಿಸಿದಂತೆ. ಹಾಗಾಗಿ ನವೆಂಬರಿನಲ್ಲಿ ಹೋದರೆ ಕಾವು ಕೂತವಕ್ಕೆ ತೊಂದರೆ, ಫೆಬ್ರುವರಿಯಲ್ಲಿ ಹೋದರೆ ಹಸಿದವಕ್ಕೆ. ಐದು ಮೀಟರು ದೂರ ನಿಲ್ಲಬೇಕೆಂಬ ನಿಯಮ ಎಲ್ಲ ತಿಂಗಳಿಗೂ ಒಂದೇ. ಪಾಪಪುಣ್ಯದ ತಕ್ಕಡಿಯಲ್ಲಿ ಎರಡೂ ಸಮ ತೂಗುತ್ತವೆ ಎಂದೇ ನನ್ನ ಅನಿಸಿಕೆ.

ನಡುವಿನ ಡಿಸೆಂಬರ್–ಜನವರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡೂ ಕಡೆಯ ಒಳ್ಳೆಯದು ಅರ್ಧರ್ಧ ಸಿಗುತ್ತದೆ, ಟಿಕೇಟಿನ ದರ ಪೂರಾ ಹತ್ತುತ್ತದೆ. ಯುರೋಪು ಅಮೆರಿಕದವರಿಗೆ ರಜೆಯೆಂದು ಹಡಗುಗಳು ತುಂಬುತ್ತವೆ. ಒಂದು ಹಂಗಾಮಿಗೆ ಲಕ್ಷ ದಾಟಿ ಪ್ರವಾಸಿಗಳು ಹೋಗುವ ಕಾಲ ಇದು.

ಇಲ್ಲೇ ಒಂದು ಮಾತು. ಒಂದು ಜಾಗದಲ್ಲಿ ಒಮ್ಮೆಗೆ ನೂರಕ್ಕಿಂತ ಹೆಚ್ಚು ಮಂದಿ ದಂಡೆಗೆ ಇಳಿಯುವಂತಿಲ್ಲ, ಐನೂರಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗಿನವರು ಇಳಿಯುವಂತೆಯೇ ಇಲ್ಲ. ದೊಡ್ಡ ಹಡಗಿನಲ್ಲಿ ಸರಿಯಾದ ತಿಂಗಳಲ್ಲಿ ಹೋದವನಿಗಿಂತ ಚಿಕ್ಕ ಹಡಗಿನಲ್ಲಿ ತಪ್ಪು ತಿಂಗಳಲ್ಲಿ ಹೋದವನು ಹೆಚ್ಚು ನೋಡಿ ಬರುತ್ತಾನೆ. ತಿಂಗಳ ಚರ್ಚೆಯಲ್ಲಿ ಇದನ್ನು ಮರೆಯುವವರೇ ಬಹಳ.

ಇಷ್ಟೆಲ್ಲ ತೂಗಿದ ಮೇಲೆ ನನ್ನ ಒಲವು ನವೆಂಬರಿನ ಕಡೆಗೆ ವಾಲಿತ್ತು. ಕಾರಣ ಪೆಂಗ್ವಿನ್ನಲ್ಲ, ನನ್ನ ಹೊಲ. ಶೀಗಿ ಹುಣ್ಣಿಮೆ ಕಳೆದು ಕಡಲೆ, ಬಿಳಿಜೋಳ, ಕುಸುಬಿ ಬಿತ್ತಿ ಆಗಿರುತ್ತದೆ, ಎಳ್ಳ ಅಮವಾಸ್ಯೆಯ ಚರಗಕ್ಕೆ ಇನ್ನೂ ದಿನವಿರುತ್ತದೆ. ಹತ್ತಿ ಬಿಡಿಸಲು ಆಳು ಸಿಕ್ಕರೆ ಒಕ್ಕಲಿಗನೊಬ್ಬ ಊರು ಬಿಡಬಹುದಾದ ಸಂದು ಅದು. ಫೆಬ್ರುವರಿಯಲ್ಲಿ ಹೋಗು ಎಂದರೆ ಕಡಲೆ ಕೀಳುವವರಾರು, ರಾಶಿ ಮಾಡುವವರಾರು? ತಿಮಿಂಗಿಲ ನೋಡಲು ರಾಶಿ ಬಿಟ್ಟು ಹೋದನೆಂದರೆ ಓಣಿಯವರು ಮೂರು ತಲೆಮಾರು ಆಡಿಕೊಂಡಾರು.

ಆದರೆ ಹೋಗುವವನು ನಾನಲ್ಲವಲ್ಲ. ಈ ತೀರ್ಪನ್ನು ಹೊತ್ತು ಗೆಳೆಯನ ಮನೆಗೆ ಹೋದಾಗ ಅವನು ಮಗ್ಗದ ಕುಣಿಯಿಂದಲೇ ತಲೆಯಾಡಿಸಿದ. ‘ದೀಪಾವಳಿ ಆದ ಮ್ಯಾಲೆ ಮದಿವಿ ಶುರು. ನವೆಂಬರಿನಿಂದ ಸೀರಿ ಕೇಳೂ ಮಂದಿ ನಿಂತಿರ್ತಾರ. ಫೆಬ್ರುವರಿದಾಗೂ ಅದ ಹಾಡು.’

ಅಲ್ಲಿಗೆ ದಕ್ಷಿಣದ ಇಡೀ ಹಂಗಾಮು ಅವನ ಪಾಲಿಗೆ ಮುಚ್ಚಿಹೋಯಿತು. ನೇಕಾರನಿಗೆ ಬಿಡುವೆಂದರೆ ಆಷಾಢ. ಮದುವೆಯಿಲ್ಲ, ಸೀರೆ ಕೇಳುವವರಿಲ್ಲ. ಒಳ್ಳೆಯ ಕೆಲಸಕ್ಕೆ ಹೊರಡಬಾರದೆಂದು ಹಿರಿಯರು ದೂರವಿಟ್ಟ ಆ ತಿಂಗಳು, ಜೂನ್ ಕೊನೆಯಿಂದ ಜುಲೈವರೆಗಿನದು, ಭೂಮಿಯ ಮೇಲ್ತುದಿಯಲ್ಲಿ ಹಡಗು ಹತ್ತಲು ಚಲೋ ಕಾಲ.

ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲೂ ಮೊದಲು–ಕೊನೆಯ ಜಗಳ ಇದ್ದೇ ಇದೆ. ಜೂನಿನಲ್ಲಿ ಕಡಲಹಿಮ ಇನ್ನೂ ಹತ್ತಿರ, ಅದರ ಮೇಲೆ ಸೀಲುಗಳನ್ನು ಬೇಟೆಯಾಡುವ ಕರಡಿ ಕಂಡೀತು. ಆದರೆ ಹಿಮ ಅಡ್ಡವಿದ್ದು ದ್ವೀಪಗಳನ್ನು ಪೂರ್ತಿ ಸುತ್ತಲಾಗದು. ಆಗಸ್ಟಿನಲ್ಲಿ ಸುತ್ತಬಹುದು, ನೆಲದ ಮೇಲೆ ಹೆಚ್ಚು ನಡೆಯಬಹುದು. ಆದರೆ ಹಿಮ ಉತ್ತರಕ್ಕೆ ಸರಿದು ಹಲವು ಕರಡಿಗಳೂ ಅದರ ಬೆನ್ನು ಹತ್ತಿ ಹೋಗಿರುತ್ತವೆ, ಬಂಡೆಗಳ ಮೇಲೆ ಜಾತ್ರೆ ನೆರೆದಿದ್ದ ಕಡಲಹಕ್ಕಿಗಳೂ ಮರಿಗಳೊಡನೆ ಖಾಲಿ ಮಾಡಿರುತ್ತವೆ. ಜುಲೈ ಎರಡರ ನಡುವಿನ ರಾಜಿ. ದಕ್ಷಿಣದ ರಾಜಿಯನ್ನು ಹೀಗಳೆದ ನಾನೇ ಉತ್ತರದ ರಾಜಿಗೆ ತಲೆದೂಗುತ್ತಿದ್ದೇನೆಂಬುದು ಗೊತ್ತಿದೆ. ಆದರೆ ಇಲ್ಲಿ ಲೆಕ್ಕ ಬೇರೆ. 2025ರಿಂದ ಅಲ್ಲಿಯ ಸರ್ಕಾರ ಹೊಸ ನಿಯಮ ತಂದಿದೆ. ಮಾರ್ಚ್ 1ರಿಂದ ಜೂನ್ 30ರವರೆಗೆ ಕರಡಿಗೆ 500 ಮೀಟರಿಗಿಂತ ಹತ್ತಿರ ಹೋಗುವಂತಿಲ್ಲ, ಉಳಿದ ಕಾಲದಲ್ಲಿ 300 ಮೀಟರು. ಜುಲೈ ಒಂದಕ್ಕೆ ಹೊರಟವನು ಒಂದೇ ರಾತ್ರಿಯಲ್ಲಿ ಇನ್ನೂರು ಮೀಟರು ಗಳಿಸುತ್ತಾನೆ.

‘ರಾತ್ರಿ’ ಎಂದದ್ದಕ್ಕೆ ಗೆಳೆಯನ ಹೆಂಡತಿ ತಡೆದರು. ಅಲ್ಲಿ ಏಪ್ರಿಲ್ ಉತ್ತರಾರ್ಧದಿಂದ ಆಗಸ್ಟಿನ ಇಪ್ಪತ್ತರ ಆಸುಪಾಸಿನವರೆಗೆ ಸೂರ್ಯ ಮುಳುಗುವುದೇ ಇಲ್ಲವೆಂದು ಮಗ ಹೇಳಿದ್ದನಂತೆ. ‘ಹೊತ್ತು ಮುಣಗೂದಽ ಇಲ್ಲಂದ್ರ ದೇವರ ಮುಂದ ದೀಪ ಯಾವಾಗ ಹಚ್ಚೂದ್ರೀ ಮಾಸ್ತರ? ನನಗ ಪೆಂಗ್ವಿನ್ನೂ ಇಲ್ಲ, ಸಂಜಿನೂ ಇಲ್ಲ.’ ಅವರ ತಕರಾರು ಹುಡುಗಾಟದ್ದಲ್ಲ. ಫೆಬ್ರುವರಿ ಕೊನೆಗೆ ಅಂಟಾರ್ಕ್ಟಿಕಾದ ಪರ್ಯಾಯದ್ವೀಪದಲ್ಲಿ ರಾತ್ರಿ ರಾತ್ರಿಯಂತೆಯೇ ಇರುತ್ತದೆ, ಸಂಜೆ ಕೆಂಪಡರುತ್ತದೆ, ಚುಕ್ಕಿ ಕಾಣುತ್ತವೆ. ಆ ಮನೆಯ ಒಬ್ಬರಿಗೆ ಹೊಂದುವ ಕಾಲ ಇನ್ನೊಬ್ಬರಿಗೆ ಹೊಂದುತ್ತಿರಲಿಲ್ಲ. ಗಡಿಯಾರ ನೋಡಿ ಏಳಕ್ಕೆ ಹಚ್ಚಿರೆಂದೆ. ಹಡಗಿನಲ್ಲಿ ಬೆಂಕಿ ಹಚ್ಚಲು ಬಿಡುತ್ತಾರೆಯೇ ಎಂಬ ಮರುಪ್ರಶ್ನೆಗೆ ನನ್ನ ಭೂಗೋಳದಲ್ಲಿ ಉತ್ತರವಿರಲಿಲ್ಲ.

ಒಂದು ಎಚ್ಚರಿಕೆ ಮಾತ್ರ ಕೊಟ್ಟೆ. ಸ್ವಾಲ್ಬಾರ್ಡ್ ನಾರ್ವೆಗೆ ಸೇರಿದ್ದರೂ ಷೆಂಗೆನ್ ಗಡಿಯ ಹೊರಗಿದೆ, ಒಂದೇ ಪ್ರವೇಶದ ವೀಸಾ ಮಾಡಿಸಿಕೊಂಡರೆ ಹಿಂದಿರುಗುವಾಗ ಪಜೀತಿ. ಮಗನಿಗೆ ತಿಳಿಸಲು ಹೇಳಿದೆ.

ಗೆಳೆಯ ಮಾತ್ರ ಬೇರೆಯೇ ಯೋಚನೆಯಲ್ಲಿದ್ದ. ಲಾಳಿ ಕೆಳಗಿಟ್ಟು, ಕುಣಿಯಿಂದ ಎದ್ದು, ಬಾಗಿಲಿಗೆ ಬಂದು ಓಣಿಯನ್ನು ಉದ್ದಕ್ಕೂ ನೋಡಿದ.

‘ಮಾಸ್ತರ, ಮುನ್ನೂರು ಮೀಟರ್ ಅಂದ್ರ ಇಲ್ಲಿಂದ ಬಸ್‌ಸ್ಟ್ಯಾಂಡ್ ಆಗ್ತೈತೇನು?’

‘ಅದಕ್ಕಿಂತ ಒಂದೀಟು ಈಚೆಗೆ’ ಎಂದೆ.

‘ಅಲ್ಲಿ ನಿಂತಿದ್ದು ಎಮ್ಮಿನೋ ಆಕಳೋ ನನಗ ಇಲ್ಲಿಂದ ಗೊತ್ತಾಗೂದಿಲ್ಲ’ ಎಂದು, ಚಾಳೀಸು ತೆಗೆದು ಧೋತರದ ಚುಂಗಿನಿಂದ ಒರೆಸತೊಡಗಿದ.